ಮಡಿಲಿಗೆ ಬಿದ್ದ ಬಾಳೆಕಂದು

ಬಾಳೆ ಬೆಳೆಯುವ ಒಂದು ರಾಜ್ಯ. ಅಲ್ಲೊಬ್ಬಳು ದೇವೀರಿ. ಮದುವೆಯಾಗಿ ಹೊರಟಾಗ ಅವಳ ಅವ್ವ ಮಡಿಲಿಗೆ ಅಕ್ಕಿ ಹಾಕಿದಳು, ಬೆಲ್ಲ ಹಾಕಿದಳು, ಕೊನೆಗೆ ಒಂದು ಬಾಳೆಕಂದು, ಅಂದರೆ ಬಾಳೆಯ ಮರಿ, ಹಾಕಿದಳು. ದೇವೀರಿ ಅದನ್ನು ಗಂಡನ ಮನೆ ಹಿತ್ತಲಲ್ಲಿ ನೆಟ್ಟಳು. ಆಮೇಲೆ ಅರಸ ದೊಡ್ಡ ಕೆರೆ ಕಟ್ಟಿಸಿದ. ತವರೂರು ನೀರಡಿ ಹೋಯಿತು. ಅವ್ವನೂ ಹೋದಳು. ಅರಸನನ್ನು ಯಾರೂ ಕೇಳಲಿಲ್ಲ. ದೇವೀರಿಗೆ ತವರು ಅಂತ ಉಳಿದದ್ದು ಆ ಬಾಳೆಯ ವಾಸನೆ ಒಂದೇ. ಹಣ್ಣು ಸುಲಿದರೆ ಅವ್ವ ಪಕ್ಕದಲ್ಲೇ ಕೂತ ಹಾಗೆ.

ಆ ವಾಸನೆ ಅರಮನೆ ತೋಟದ ಅಧಿಕಾರಿ ವೀರರಸನ ಮೂಗಿಗೂ ಬಡಿಯಿತು.

ಮೊದಲ ಸಲ ಬಂದ, ಗೊನೆ ಕಡಿದುಕೊಂಡು ಹೋದ.

ಎರಡನೇ ಸಲ ಬಂದ, ತಾಯಿಗಿಡ, ಮರಿಗಿಡ ಎಲ್ಲ ಅಗೆದುಕೊಂಡು ಹೋದ. ಅರಮನೆ ತೋಟದಲ್ಲಿ ನೆಡಿಸಿ, ಬೇಗ ಬೆಳೆಯಲೆಂದು ಬುಡಕ್ಕೆ ಬಿಳಿ ಉಪ್ಪಿನ ಪುಡಿ ಸುರಿಸಿದ. ಬುಡ ಸುಟ್ಟು ಗಿಡ ಸತ್ತಿತು.

ದೇವೀರಿ ಗುಂಡಿ ಕೆದಕಿದಳು. ಮುಷ್ಟಿಯಷ್ಟು ಗೆಡ್ಡೆ ಸಿಕ್ಕಿತು. ಅದನ್ನು ಸಗಣಿ ಬಗ್ಗಡದಲ್ಲಿ ಅದ್ದಿ ನೆರಳಲ್ಲಿ ಆರಿಸಿದಳು. ಕೊಟ್ಟಿಗೆ ಗೊಬ್ಬರ, ಬೂದಿ ತುಂಬಿ ನೆಟ್ಟಳು. ಗಂಜಲಕ್ಕೆ ಬೆಲ್ಲ ಕಲೆಸಿ, ಹುಳಿ ಬರಿಸಿ, ನೀರು ಬೆರೆಸಿ ವಾರಕ್ಕೊಮ್ಮೆ ಹೊಯ್ದಳು. "ಕಣ್ಣು ಬಿಡು ಕಂದಾ," ಅನ್ನುತ್ತಿದ್ದಳು. ಗೆಡ್ಡೆ ಒಂದೊಂದೇ ಕಣ್ಣು ಬಿಟ್ಟಿತು. ವರ್ಷ ತುಂಬುವಷ್ಟರಲ್ಲಿ ಸುತ್ತ ಹತ್ತು ಕಂದು.

ಮೂರನೇ ಸಲ ವೀರರಸ ಗಾಡಿ ತಂದ, ಆಳುಗಳನ್ನೂ ತಂದ.

ಐದು ಕಂದು ಅಗಲ ಎಲೆಯವು, ದಷ್ಟಪುಷ್ಟ. ಐದು ಕತ್ತಿಯಂಥ ಸಣ್ಣ ಎಲೆಯವು. ಅಗಲ ಎಲೆಯವು ನೀರುಕಂದು. ನೋಡಲು ಚೆಂದ, ಒಳಗೆ ಬಲವಿಲ್ಲ. ಮಣ್ಣು ಮುಟ್ಟಿದವರಿಗೆಲ್ಲ ಅದು ಗೊತ್ತು. ವೀರರಸ ಮಣ್ಣು ಮುಟ್ಟಿದವನಲ್ಲ.

ದೇವೀರಿ ನೀರುಕಂದುಗಳನ್ನು ತಬ್ಬಿಕೊಂಡಳು. "ಬುದ್ಧೀ, ಇವನ್ನೊಂದು ಮುಟ್ಟಬೇಡಿ! ನನ್ನ ತವರೇ ಇದರಲ್ಲಿದೆ!"

"ಅಳೋದು ನೋಡು! ಏಯ್, ಇವನ್ನೇ ಕೀಳ್ರೋ. ಆ ಬಡಕಲು ಕಡ್ಡಿ ನೀನೇ ಇಟ್ಕೊಳಮ್ಮೀ, ಹಲ್ಲುಜ್ಜೋಕಾಗುತ್ತೆ."

ಗಾಡಿ ಮರೆಯಾಗುವವರೆಗೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಗಂಜಲದ ಗಡಿಗೆ ಎತ್ತಿದಳು.

ಮರುವರ್ಷ ಅರಮನೆಯಲ್ಲಿ ಎಲೆಯೋ ಎಲೆ. ಗೊನೆ ಮಾತ್ರ ಹಿಡಿಯಷ್ಟು. ದೇವೀರಿಯ ಹಿತ್ತಲಲ್ಲಿ ಗೊನೆ ನೆಲ ಮುಟ್ಟುತ್ತಿತ್ತು. ಸುದ್ದಿ ಕೇಳಿ ಅರಸನೇ ಬಂದ, ಹಿಂದೆ ವೀರರಸ.

"ಇವಳು ಮಾಟ ಮಾಡಿದ್ದಾಳೆ, ಮಹಾಸ್ವಾಮಿ!" ಅಂದ ವೀರರಸ.

"ಮಾಟ ಅಲ್ಲ, ಸಗಣಿ. ಕಂದು ಆರಿಸಿಕೊಂಡದ್ದು ಯಾರು, ಬುದ್ಧಿ?" ಅಂತ ದೇವೀರಿ ವೀರರಸನನ್ನೇ ಕೇಳಿದಳು.

ವೀರರಸ ಅರಸನ ಹಿಂದಕ್ಕೆ ಸರಿದ. ಅರಸ ಅವನನ್ನು ಅಲ್ಲೇ ಕೊಟ್ಟಿಗೆ ಗುಡಿಸುವ ಕೆಲಸಕ್ಕೆ ಹಾಕಿದ. ದೇವೀರಿಯತ್ತ ತಿರುಗಿ, "ಈ ಬಾಳೆ ಇನ್ನು ಅರಮನೆಗೆ ಸೇರಲಿ" ಅಂದ.

"ಅಪ್ಪಣೆಗೆ ಇದು ಬೆಳೆಯೋದಿಲ್ಲ, ಬುದ್ಧಿ. ಬೇಕಾದರೆ ಮಡಿಲೊಡ್ಡಿ ಕೇಳಿ. ಹಾಗೇ ನನಗೆ ಬಂದದ್ದು. ನಮ್ಮೂರನ್ನು ನೀವು ಕೇಳಿ ಮುಳುಗಿಸಲಿಲ್ಲ. ಇದನ್ನಾದರೂ ಕೇಳಿ ತಗೊಳ್ಳಿ."

ಅರಸ ಹೆಗಲ ಶಲ್ಯ ತೆಗೆದ. ಅದನ್ನೇ ಮಡಿಲಾಗಿ ಒಡ್ಡಿದ. ದೇವೀರಿ ಒಂದು ಕಂದು ಹಾಕಿದಳು. ಅರಸನಿಗೆ ಒಂದು, ಊರಿನ ಮನೆಮನೆಗೂ ಒಂದೊಂದು.

ಎಲ್ಲರೂ ಹೋದ ಮೇಲೆ ಕೆರೆ ಏರಿಯ ಮೇಲೆ ಕೂತು ಒಂದು ಹಣ್ಣು ಸುಲಿದಳು. ಅರ್ಧ ತಿಂದಳು. ಇನ್ನರ್ಧ ನೀರಿಗೆ ಬಿಟ್ಟಳು, ಕೆಳಗೆ ಅವ್ವನ ಅಂಗಳ ಇದ್ದ ಕಡೆಗೆ.

ಕೇಳಿದಿರಲ್ಲ ಮಕ್ಕಳೇ? ಕಿತ್ತುಕೊಂಡವನಿಗೆ ಎಲೆ ಸಿಗುತ್ತದೆ, ಸಾಕಿದವನಿಗೆ ಹಣ್ಣು. ನೀವು ಸಾಕಿದ್ದನ್ನು ಯಾರಾದರೂ ಅಪ್ಪಣೆ ಮಾಡಿ ಕೇಳಿದರೆ ಕೊಡಬೇಡಿ. ಮಡಿಲೊಡ್ಡಿದರೆ ಇಲ್ಲ ಅನ್ನಬೇಡಿ.