ಹಿಂದಿನ ಗಾಲಿಯ ಅಳತೆ

ಏಳು ಗುಡ್ಡಗಳು ಒತ್ತಾಗಿ ಸುತ್ತುವರಿದು ನಿಂತಿದ್ದ ಒಂದು ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ಇಳಿಜಾರಿನಲ್ಲಿ ಅವಳಿಗೊಂದು ತುಂಡು ನೆಲವಿತ್ತು. ಅದು ಬಯಲೂ ಅಲ್ಲ, ದಟ್ಟ ಕಾಡೂ ಅಲ್ಲ. ಮತ್ತಿ, ನೇರಳೆ, ಹೊನ್ನೆಯ ಮರಗಳು ಅಲ್ಲಲ್ಲಿ ನಿಂತಿದ್ದವು. ಅವುಗಳ ನಡುವಿನ ಬಿಡುವಿನಲ್ಲಿ ಅವಳು ಗೆಣಸು, ಕೆಸುವು ಬೆಳೆಯುತ್ತಿದ್ದಳು. ವರ್ಷವರ್ಷವೂ ನೆಲ ಕೆದರಿ ಕೆದರಿ ಅವಳ ಉಗುರುಗಳು ಮೊಂಡಾಗಿದ್ದವು. ಈಗ ಆಕಾಶದ ಅಂಚಿನಲ್ಲಿ ಮೋಡ ಕಟ್ಟತೊಡಗಿತ್ತು. ಮೊದಲ ಮಳೆಗೆ ಮುನ್ನ ನೆಲ ಹದವಾಗದಿದ್ದರೆ ಆ ವರ್ಷ ಅವಳಿಗೆ ಉಪವಾಸವೇ ಗತಿ.

"ಇನ್ನು ಟ್ರ್ಯಾಕ್ಟರ್ ಇಲ್ಲದೆ ಆಗದು" ಎಂದುಕೊಂಡು ಅವಳು ಕಾಡಂಚಿಗೆ ಹೋದಳು. ಅಲ್ಲಿ ಬಿನ್ನಾಣಪ್ಪನೆಂಬ ನರಿ ಯಂತ್ರಗಳನ್ನು ಮಾರುತ್ತಿದ್ದ.

ಅಂಗಳದ ನಡುವೆ ಒಂದು ದೊಡ್ಡ ಟ್ರ್ಯಾಕ್ಟರ್ ನಿಂತಿತ್ತು. ಅದರ ಮೂತಿ ನೀಳವಾಗಿ, ಸಪೂರವಾಗಿ ಮಿರಮಿರ ಮಿಂಚುತ್ತಿತ್ತು. ಹಿಂದಿನ ಗಾಲಿಗಳು ಸೂಜವ್ವನ ತಲೆಗಿಂತ ಎಷ್ಟೋ ಎತ್ತರವಿದ್ದವು. ಮೂಲೆಯಲ್ಲಿ ಒಣಸೊಪ್ಪಿನ ಅಡಿಯಿಂದ ಇನ್ನೊಂದು ಪುಟ್ಟ ಟ್ರ್ಯಾಕ್ಟರಿನ ಕೆಂಪು ಮೂತಿ ಇಣುಕುತ್ತಿತ್ತು.

"ಅದು?" ಎಂದು ಸೂಜವ್ವ ಕೇಳಿದಳು.

"ಅಯ್ಯೋ, ಅದು ಮಕ್ಕಳ ಆಟಿಕೆ ಅವ್ವಾ! ಶುರುವಾಗುವುದೇ ಇಲ್ಲ" ಎಂದು ಬಿನ್ನಾಣಪ್ಪ ಸೊಪ್ಪನ್ನು ಇನ್ನಷ್ಟು ಎಳೆದು ಮುಚ್ಚಿದ. "ನಿಮ್ಮಂಥವರು ಅದರ ಮೇಲೆ ಕೂತರೆ ಮೊಲದ ಮರಿಗಳೂ ಕಿಸಕ್ಕೆಂದು ನಗುತ್ತವೆ."

"ನನ್ನದು ಸಣ್ಣ ನೆಲವಪ್ಪಾ. ಮರಗಳೂ ಇವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ?"

"ಹಾಸಿಗೆಯನ್ನೇ ಉದ್ದ ಮಾಡಬೇಕು ಅವ್ವಾ, ಕಾಲನ್ನೇಕೆ ಮಡಚಬೇಕು? ನಂಬಿಕೆಯಿಲ್ಲದಿದ್ದರೆ ಅಳೆದು ನೋಡಿ." ಹೀಗೆಂದವನೇ ಒಂದು ಬಳ್ಳಿ ತಂದು ಟ್ರ್ಯಾಕ್ಟರಿನ ಮುಂಭಾಗಕ್ಕೆ ತಾನೇ ಅಡ್ಡಲಾಗಿ ಹಿಡಿದು, ಅಳತೆಯ ಜಾಗದಲ್ಲಿ ಗಂಟು ಹಾಕಿಕೊಟ್ಟ.

ಸೂಜವ್ವ ಬಳ್ಳಿಯನ್ನು ನೆಲಕ್ಕೆ ಕೊಂಡೊಯ್ದಳು. ನರಿಯೂ ಬಾಲ ಬೀಸುತ್ತ ಹಿಂಬಾಲಿಸಿತು. ಮರಮರದ ನಡುವೆಯೂ ಬಳ್ಳಿ ಹಿಡಿದು ನೋಡಿದಾಗ ಎಲ್ಲೆಡೆಯೂ ದಾರಿ ಸಾಕಾಗುತ್ತಿತ್ತು. ಇಳಿಜಾರಿನ ಕೆಳಗೆ, ದೊಡ್ಡ ಬಂಡೆಗೂ ಹಳೆಯ ಮತ್ತಿ ಮರಕ್ಕೂ ನಡುವೆ ಮಾತ್ರ ದಾರಿ ಸಾಲಲಿಲ್ಲ.

"ಪೊಟರೆ ಬಿದ್ದ ಮುದಿ ಮರ. ಪೊಟರೆಗೂ ಮಣ್ಣು ಮೆತ್ತಿ ಮುಚ್ಚಿಹೋಗಿದೆ" ಎಂದು ನರಿ ತುಟಿ ಓರೆ ಮಾಡಿತು. "ನಾಳೆ ಬೆಳಗ್ಗೆ ನಮ್ಮ ಕರಡಿ ಕಾಳಪ್ಪ ಗರಗಸ ತರುತ್ತಾನೆ. ನಿಮಗೆ ಚೂರೂ ಶ್ರಮವಿಲ್ಲ. ದಿಮ್ಮಿಯನ್ನು ನಾವೇ ಸಾಗಿಸುತ್ತೇವೆ. ಆಗಬಹುದಲ್ಲ?"

ಗಾಲಿಯ ಎತ್ತರ ಸೂಜವ್ವನ ಕಣ್ಣಿಗೆ ಕಟ್ಟಿತ್ತು. ಮೋಡದ ಭಯ ಮನಸ್ಸಿಗೆ ಕಟ್ಟಿತ್ತು. "ಆಗಲಿ" ಎಂದುಬಿಟ್ಟಳು.

ಆ ಕಾಡಿನಲ್ಲಿ ಮಾತೆಂದರೆ ಮಾತೇ. ಕೊಟ್ಟ ಮಾತಿಗೆ ತಪ್ಪಿದವರಿಗೆ ಆ ವರ್ಷ ಯಾರೂ ಬಿತ್ತನೆಯ ಗಡ್ಡೆ ಕೊಡುತ್ತಿರಲಿಲ್ಲ. ಮಾರುವವರಿಗೂ ಒಂದು ಕಟ್ಟಳೆಯಿತ್ತು. ಕೊಳ್ಳುವವರ ನೆಲದಲ್ಲಿ ಮೊದಲ ಸಾಲನ್ನು ಮಾರುವವನೇ ಉತ್ತು ತೋರಿಸಬೇಕು. ಹೋದಂತೆಯೇ ಮರಳಿಯೂ ಬರಬೇಕು. ಆಮೇಲೆ ಕೊಳ್ಳುವವರು ಯಂತ್ರದ ಮೂತಿಯ ಮೇಲೆ ಅರಿಸಿನದ ಕೊಂಬು ಇಡುತ್ತಿದ್ದರು. ಅಲ್ಲಿಗೆ ವ್ಯಾಪಾರ ಮುಗಿಯುತ್ತಿತ್ತು.

ನರಿ ಹೊರಟುಹೋದ ಸ್ವಲ್ಪ ಹೊತ್ತಿಗೆ ಮಂಗಟ್ಟೆ ಹಕ್ಕಿಯೊಂದು ಕೊಕ್ಕಿನಲ್ಲಿ ಅತ್ತಿಹಣ್ಣು ಕಚ್ಚಿಕೊಂಡು ಬಂದಿತು. ಮತ್ತಿ ಮರದ ಪೊಟರೆಯ ಮಣ್ಣಿನಲ್ಲಿ ಸಣ್ಣದೊಂದು ಸೀಳು ಇತ್ತು. ಅದರೊಳಗಿಂದ ಇನ್ನೊಂದು ಕೊಕ್ಕು ಹೊರಬಂದು ಹಣ್ಣನ್ನು ತೆಗೆದುಕೊಂಡಿತು. ಸೂಜವ್ವ ಮರದ ಬುಡಕ್ಕೆ ಓಡಿದಳು.

"ಒಳಗೆ ಯಾರಪ್ಪಾ?"

"ನನ್ನ ಹೆಂಡತಿ, ಸೂಜವ್ವಾ. ಮೊಟ್ಟೆಯೊಡೆದು ಎರಡು ಮರಿಗಳಾಗಿವೆ" ಎಂದು ಹಕ್ಕಿ ಹಿಗ್ಗಿನಿಂದ ಹೇಳಿತು. "ಹಾವು, ಉಡ ಬರಬಾರದೆಂದು ಒಳಗಿನಿಂದಲೇ ಬಾಗಿಲು ಮೆತ್ತಿಕೊಂಡಿದ್ದಾಳೆ. ಗರಿಯೆಲ್ಲ ಉದುರಿಸಿಕೊಂಡಿದ್ದಾಳೆ. ಹೊಸ ಗರಿ ಬರುವ ತನಕ ಹಾರಲಾರಳು. ನಿನ್ನ ನೆಲದ ಮರವಲ್ಲವೇ? ಅದಕ್ಕೇ ನಿಶ್ಚಿಂತೆಯಾಗಿದ್ದೇವೆ."

ಆ ಕೊನೆಯ ಮಾತು ಸೂಜವ್ವನಿಗೆ ತನ್ನದೇ ಮುಳ್ಳು ತನಗೆ ನಾಟಿದಂತಾಯಿತು. ಮಾತಿಗೆ ತಪ್ಪಿದರೆ ಬಿತ್ತನೆಯಿಲ್ಲ. ತಪ್ಪದಿದ್ದರೆ ಬೆಳಗಾಗುತ್ತಲೇ ಮೂರು ಜೀವಗಳಿಲ್ಲ. ತಳಮಳದಿಂದ ಮನೆಯ ಕಡೆಗೆ ತಿರುಗಿದಳು. ದಿನವೂ ನುಸುಳುತ್ತಿದ್ದ ಬೇರಿನ ಸಂದಿಗೆ ತಲೆ ಹಾಕಿದಳು. ತಲೆ ತೂರಿತು, ಹೆಗಲೂ ತೂರಿತು. ಆದರೆ ಬೆನ್ನು ಸಿಕ್ಕಿಕೊಂಡಿತು. ಭಯಕ್ಕೆ ಮುಳ್ಳುಗಳೆಲ್ಲ ನಿಗುರಿ ನಿಂತಿದ್ದವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ!

ಹಾಗೆ ಸಿಕ್ಕಿಕೊಂಡು ನಿಂತವಳಿಗೆ ತಟಕ್ಕನೆ ಹೊಳೆಯಿತು. "ಅಯ್ಯೋ ಮಂಕೇ! ನಾನು ಅಳೆದದ್ದು ಮೂತಿಯನ್ನು. ಆ ಗಾಲಿಗಳಿರುವುದು ಬೆನ್ನಿನಲ್ಲಿ. ಹಿಂದುಹಿಂದಕ್ಕೆ ನುಗ್ಗಿಯೇ ಹುಲಿಯನ್ನು ಓಡಿಸುವ ಕುಲದವಳು ನಾನು. ನಾನೇ ಹಿಂಭಾಗವನ್ನು ಮರೆತೆನಲ್ಲ!" ಮನಸ್ಸು ಹಗುರಾಗುತ್ತಲೇ ಮುಳ್ಳುಗಳು ಮಡಚಿಕೊಂಡವು; ಅವಳು ಸಂದಿಯೊಳಗೆ ಸಲೀಸಾಗಿ ಜಾರಿದಳು.

ಮರುದಿನ ಬೆಳಗ್ಗೆ ದೊಡ್ಡ ಟ್ರ್ಯಾಕ್ಟರ್ ಗುಡುಗುಡು ಸದ್ದು ಮಾಡುತ್ತ ಬಂದಿತು. ಸದ್ದಿಗೆ ಮೊಲ, ಜಿಂಕೆ, ಕಾಡುಕೋಳಿಗಳೆಲ್ಲ ನೆರೆದವು. ಕರಡಿ ಕಾಳಪ್ಪ ಗರಗಸ ಹೊತ್ತು ನೇರವಾಗಿ ಮತ್ತಿ ಮರದ ಬುಡಕ್ಕೆ ನಡೆದ. ಮೇಲೆ ಮಂಗಟ್ಟೆ ಹಕ್ಕಿ ಕಿರುಚುತ್ತ ಸುತ್ತತೊಡಗಿತು.

"ನಿಲ್ಲು ಕಾಳಪ್ಪಾ!" ಸೂಜವ್ವ ಮರಕ್ಕೆ ಬೆನ್ನು ಕೊಟ್ಟು ನಿಂತಳು. ಮುಳ್ಳುಗಳು ಝಣಝಣ ಸದ್ದು ಮಾಡಿದವು.

"ಏನವ್ವಾ, ಮಾತಿಗೆ ತಪ್ಪುತ್ತೀರಾ?" ಎಂದು ನರಿ ಎಲ್ಲರಿಗೂ ಕೇಳುವಂತೆ ಕೂಗಿತು.

"ತಪ್ಪುವುದಿಲ್ಲ. ಕಟ್ಟಳೆಗೆ ನೀನೂ ತಪ್ಪಬೇಡ. ಮೊದಲು ಸಾಲು, ಆಮೇಲೆ ಗರಗಸ. ಮೇಲಿನ ಆ ಎರಡು ನೇರಳೆಗಳ ನಡುವೆ ಹೋಗಿ ಮರಳಿ ಬಾ. ಅಲ್ಲಿ ದಾರಿ ಸಾಕೆಂದು ನೀನೇ ಗಂಟು ಹಾಕಿಕೊಟ್ಟ ಬಳ್ಳಿ ಹೇಳಿದೆ."

ನರಿಯ ಕಿವಿ ಒಂದು ಕ್ಷಣ ಮುದುರಿತು.

ಸೂಜವ್ವ ಬಳ್ಳಿಯನ್ನು ಮುಂದೆ ಚಾಚಿದಳು. "ಅನುಮಾನವಿದ್ದರೆ ಹತ್ತುವ ಮೊದಲೇ ಹಿಂದಿನ ಗಾಲಿಗಳನ್ನು ಎಲ್ಲರೆದುರು ಅಳೆದುಬಿಡು ಬಿನ್ನಾಣಪ್ಪಾ. ಇಳಿಜಾರು ಇದೆ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

ಅಳೆದರೆ ಗುಟ್ಟು ರಟ್ಟಾಗುತ್ತಿತ್ತು. ಸುತ್ತ ನೋಡಿದರೆ ನೂರು ಕಣ್ಣು. "ಅಳತೆ ನನ್ನ ಕಣ್ಣಲ್ಲೇ ಇದೆ" ಎಂದು ನರಿ ಜಂಬದಿಂದ ಹತ್ತಿ ಕುಳಿತಿತು. ಜೋರಾಗಿ ನುಗ್ಗಿಸಿದರೆ ಪಾರಾಗಬಹುದೆಂದು ಅದರ ಎಣಿಕೆ.

ಟ್ರ್ಯಾಕ್ಟರ್ ಇಳಿಜಾರಿನಲ್ಲಿ ನುಗ್ಗಿತು. ಮೂತಿ ಸಲೀಸಾಗಿ ತೂರಿತು. ಮರುಗಳಿಗೆಯಲ್ಲೇ ಧಡಾರ್ ಎಂದು ಹಿಂದಿನ ಗಾಲಿಗಳು ಎರಡು ನೇರಳೆಗಳ ನಡುವೆ ಕಚ್ಚಿಕೊಂಡವು. ನರಿ ಹಿಂದಕ್ಕೆ ತರಲು ನೋಡಿತು. ಗಾಲಿಗಳು ಒಣ ತರಗೆಲೆಯ ಮೇಲೆ ಗಿರಗಿರ ತಿರುಗಿದವೇ ಹೊರತು ಮೇಲೇರಲಿಲ್ಲ. ಜಿಗಿದು ಪಾರಾಗಹೋದಾಗ ನರಿಯ ಬಾಲ ಗಾಲಿಗೂ ಮರಕ್ಕೂ ನಡುವೆ ಸಿಕ್ಕಿತು.

"ಅಯ್ಯಯ್ಯೋ! ಸತ್ತೆ!"

ಆಗ ಎಡಗಡೆಯ ನೇರಳೆ ಲಟಲಟ ಎಂದಿತು. ಆ ಮರ ಮುರಿದರೆ ಟ್ರ್ಯಾಕ್ಟರ್ ಉರುಳಿ ನೇರವಾಗಿ ಕೆಳಗಿನ ಮತ್ತಿ ಮರಕ್ಕೇ ಅಪ್ಪಳಿಸುತ್ತಿತ್ತು. ಪೊಟರೆಯೊಳಗಿಂದ ಮರಿಗಳ ಚಿಲಿಪಿಲಿ ಕೇಳಿಸುತ್ತಿತ್ತು.

"ಕಾಳಪ್ಪಾ, ಕಲ್ಲು! ಕಲ್ಲು ತಾ!" ಎನ್ನುತ್ತ ಅವಳೇ ಮುಂದಿನ ಗಾಲಿಯ ಬಳಿಗೆ ನುಗ್ಗಿದಳು. ಮೊಂಡು ಉಗುರುಗಳಿಂದ ಒಂದು ಕಲ್ಲನ್ನು ಕಿತ್ತು ಗಾಲಿಯ ಕೆಳಗೆ ತುರುಕಿದಳು. ಕರಡಿ ಗರಗಸ ಬಿಸುಟು ಬಂಡೆಗಲ್ಲನ್ನು ಉರುಳಿಸಿ ತಂದ. ಕಲ್ಲುಗಳು ಕಿರುಗುಟ್ಟುತ್ತ ತಡೆದು ನಿಂತವು. ನೇರಳೆ ಮಾತ್ರ ಮತ್ತೆ ಲಟಕ್ಕೆಂದಿತು.

"ಇದು ಹೆಚ್ಚು ಹೊತ್ತು ನಿಲ್ಲದು. ಮೇಲಿನಿಂದ ಎಳೆಯಬೇಕು. ಆದರೆ ಎಳೆಯುವುದಕ್ಕೆ ಏನಿದೆ?" ಎಂದಳು ಸೂಜವ್ವ.

"ಆ ಕೆಂಪು ಟ್ರ್ಯಾಕ್ಟರ್!" ನರಿ ನೋವಿನಿಂದ ಅರಚಿತು. "ಸೊಪ್ಪಿನಡಿ ಇದೆ! ಓಡಿ ತಾರೋ ಕಾಳಾ!"

"ಅದು ಶುರುವಾಗುವುದಿಲ್ಲವಂತಲ್ಲ?"

"ಆಗುತ್ತದೆ! ಮುಟ್ಟಿದರೆ ಸಾಕು, ಶುರುವಾಗುತ್ತದೆ! ಅದರಂಥ ಗಟ್ಟಿ ಯಂತ್ರ ನನ್ನ ಅಂಗಳದಲ್ಲೇ ಇಲ್ಲ!"

ನೆರೆದವರೆಲ್ಲ ಮುಖ ಮುಖ ನೋಡಿಕೊಂಡರು. ಕರಡಿ ಓಡಿದ. ಸೂಜವ್ವ ಕಲ್ಲಿಗೆ ಬೆನ್ನು ಒತ್ತಿ ನಿಂತೇ ಇದ್ದಳು. ನೇರಳೆಯ ತೊಗಟೆ ಸೀಳುವ ಸದ್ದೊಂದೇ ಕೇಳಿಸುತ್ತಿತ್ತು. ಕೊನೆಗೊಮ್ಮೆ ಟುಕುಟುಕು ಎಂಬ ಸದ್ದಾಯಿತು. ಮೊಣಕಾಲು ಕಿವಿಗೆ ತಾಗುವಂತೆ ಮುದುರಿ ಕುಳಿತ ಕರಡಿ, ಪುಟ್ಟ ಟ್ರ್ಯಾಕ್ಟರನ್ನು ಮರಗಳ ನಡುವೆ ನುಸುಳಿಸಿಕೊಂಡು ಇಳಿದುಬಂದ. ಸರಪಳಿ ಬಿಗಿದರು. ಅದು ತನ್ನ ಗಾಲಿಗಳನ್ನು ನೆಲಕ್ಕೆ ಊರಿ ಇಂಚಿಂಚಾಗಿ ಎಳೆಯಿತು. ದೊಡ್ಡ ಯಂತ್ರ ನರಳುತ್ತ ಮೇಲೆ ಬಂದಿತು. ನರಿಯ ಬಾಲ ಬಿಡುಗಡೆಯಾಯಿತು; ಅದರ ತುದಿಯ ಕೂದಲು ಮಾತ್ರ ನೇರಳೆಯ ತೊಗಟೆಯಲ್ಲೇ ಉಳಿಯಿತು.

ನರಿ ಮೆಲ್ಲಗೆ ಜಾರಿಕೊಳ್ಳಲು ನೋಡಿತು.

"ಎಲ್ಲಿಗಪ್ಪಾ?" ಎಂದಳು ಸೂಜವ್ವ. "ದೊಡ್ಡದು ಹೋದಂತೆ ಮರಳಲಿಲ್ಲ. ಆ ಮಾತು ಅಲ್ಲಿಗೆ ಬಿತ್ತು. ಈ ಕೆಂಪಿನದನ್ನು ಕೊಳ್ಳುತ್ತೇನೆ. ಮೊದಲ ಸಾಲು ಮಾರುವವನದಲ್ಲವೇ? ಹತ್ತು."

ಬಾಲದ ನೋವಿಗೆ ಕೂರಲಾರದೆ ನರಿ ನಿಂತುಕೊಂಡೇ ಓಡಿಸಿತು. ಪುಟ್ಟ ಟ್ರ್ಯಾಕ್ಟರ್ ನೇರಳೆಗಳ ನಡುವೆ ನುಸುಳಿತು, ಬಂಡೆಯನ್ನು ಬಳಸಿತು, ಮತ್ತಿ ಮರಕ್ಕೆ ಒಂದು ಎಲೆಯಷ್ಟೂ ತಾಗದೆ ಸಾಲು ಎಳೆಯಿತು, ಅದೇ ದಾರಿಯಲ್ಲಿ ಹಿಂದುಹಿಂದಕ್ಕೆ ಮರಳಿ ಬಂದಿತು. ಈ ಸಲ ಸೂಜವ್ವ ಹಿಂದಿನ ಗಾಲಿಗಳನ್ನೂ ಬಳ್ಳಿಯಿಂದ ಅಳೆದಳು. ಆಮೇಲೆಯೇ ಮೂತಿಯ ಮೇಲೆ ಅರಿಸಿನದ ಕೊಂಬು ಇಟ್ಟಳು.

ಅಂದಿನಿಂದ ಬಿನ್ನಾಣಪ್ಪನ ಅಂಗಳಕ್ಕೆ ಬಂದವರೆಲ್ಲ ಮೊದಲು ಸೊಪ್ಪಿನ ರಾಶಿ ಎತ್ತಿ ನೋಡುತ್ತಿದ್ದರು. ದೊಡ್ಡ ಟ್ರ್ಯಾಕ್ಟರನ್ನು ಕೆಳಗಿನ ಬಯಲಿನ ಕಾಡೆಮ್ಮೆಗಳು ಕೊಂಡವು. ಮರವಿಲ್ಲದ ಆ ವಿಶಾಲ ನೆಲದಲ್ಲಿ ಅದು ಚೆನ್ನಾಗಿಯೇ ದುಡಿಯಿತು. ಮೊದಲ ಮಳೆ ಬಿದ್ದಾಗ ಸೂಜವ್ವನ ಗಡ್ಡೆಗಳು ಮಣ್ಣೊಳಗಿದ್ದವು. ಗೆಣಸಿನ ಬಳ್ಳಿ ಹಬ್ಬುವ ಹೊತ್ತಿಗೆ ಮತ್ತಿ ಮರದ ಮಣ್ಣಿನ ಬಾಗಿಲು ಒಳಗಿನಿಂದ ಒಡೆಯಿತು. ತಾಯಿಯ ಹಿಂದೆ ಎರಡು ಮರಿಗಳು ತಡವರಿಸುತ್ತ ಹೊರಬಂದು, ಕೆಳಗೆ ನಿಂತಿದ್ದ ಕೆಂಪು ಟ್ರ್ಯಾಕ್ಟರಿನ ಮೇಲೆ ಇಳಿದು ರೆಕ್ಕೆ ಒದರಿಕೊಂಡವು.

ನೀತಿ: ನೆಲಕ್ಕೆ ತಕ್ಕ ಯಂತ್ರವನ್ನು ಆರಿಸಬೇಕು, ಯಂತ್ರಕ್ಕಾಗಿ ನೆಲವನ್ನು ಬೋಳಿಸಬಾರದು, ಅಳತೆಯನ್ನು ಮುಚ್ಚಿಟ್ಟು ಮೋಸ ಮಾಡುವವನು ಆ ಅಳತೆಯಲ್ಲೇ ಸಿಕ್ಕಿಬೀಳುತ್ತಾನೆ.