ಚಿತ್ರಕ್ಕೆ ಬಾರದ ಗುಂಡಿ

"ಗುರುಗಳೇ, ಈ ಚಿತ್ರವನ್ನು ಸ್ಪರ್ಧೆಯ ಯಾವ ವಿಭಾಗಕ್ಕೆ ಕಳಿಸಲಿ? ಭಾವಚಿತ್ರಕ್ಕೋ, ಬೀದಿ ಬದುಕಿಗೋ, ಸುದ್ದಿಚಿತ್ರಕ್ಕೋ?" ಎಂದು ಶಿಷ್ಯ ಕೇಳಿದ.

ಛಾಯಾಗ್ರಹಣ ಕಲಿಸುವ ಗುರುಗಳು ಚಿತ್ರವನ್ನು ಕೈಗೆ ತೆಗೆದುಕೊಂಡರು. ಹಿಂದಿನ ದಿನ ಕೆರೆಯಂಚಿನ ಗುಡಿಸಲುಗಳ ಮೇಲೆ ಬುಲ್ಡೋಜರ್ ಹತ್ತಿಸಿದ್ದರು. ಅಲ್ಲಿ ತೆಗೆದ ಚಿತ್ರ ಅದು. ಕೊಡ ತಬ್ಬಿಕೊಂಡು ಕುಳಿತ ಒಬ್ಬ ಮುದುಕಿಯ ಮುಖ ಮಾತ್ರ ಅದರಲ್ಲಿತ್ತು. ಹಿಂದೆ ಎಲ್ಲವೂ ಮಸುಕು. ಗುರುಗಳು ವಿಭಾಗದ ಮಾತೆತ್ತದೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಮದುವೆ ಚಿತ್ರ ತೆಗೆಯುವುದರಲ್ಲಿ ಎತ್ತಿದ ಕೈ. ತಾಳಿ ಕಟ್ಟಿದ ಕ್ಷಣ ಕ್ಯಾಮೆರಾಕ್ಕೆ ಸಿಗದಿದ್ದರೆ, "ಇನ್ನೊಂದು ಸಲ ಕಟ್ಟಿದ ಹಾಗೆ ಮಾಡಿ" ಎನ್ನುತ್ತಿದ್ದ. ಮದುಮಗ ಮತ್ತೆ ಕೈ ಎತ್ತುತ್ತಿದ್ದ, ನೆಂಟರು ಮತ್ತೆ ಅಕ್ಷತೆ ಹಾಕುತ್ತಿದ್ದರು. ಎಂಜಲೆಲೆ, ಹರಿದ ಚಾಪೆ ಯಾವುದೂ ಚೌಕಟ್ಟಿನೊಳಗೆ ಬರದಂತೆ ಅವನು ನೋಡಿಕೊಳ್ಳುತ್ತಿದ್ದ. ಮದುವೆಯಲ್ಲಿ ಅದು ತಪ್ಪಲ್ಲ. ನೋಡಿ ಸಂತೋಷಪಡಲೆಂದೇ ತೆಗೆಸುವ ಚಿತ್ರಗಳು ಅವು.

ಹೆಸರು ಬಂತು. ಒಂದು ಪತ್ರಿಕೆ ಅವನನ್ನು ಕರೆದು ಕೆಲಸ ಕೊಟ್ಟಿತು.

ಆ ಊರಿನ ಒಂದು ಬೀದಿಯಲ್ಲಿ ಚರಂಡಿಗೆಂದು ಆಳದ ಗುಂಡಿ ತೋಡಿ, ಮುಚ್ಚದೆ ಬಿಟ್ಟಿದ್ದರು. ಬೀದಿಯವರು ಊರಿನ ಅಧಿಕಾರಿಗೆ ಹೇಳಿ ಹೇಳಿ ಸೋತಿದ್ದರು. ಮಳೆ ಬಂದು ಗುಂಡಿ ತುಂಬಿತು. ಒಬ್ಬ ಹೆಂಗಸಿನ ಮಗ ಅದರಲ್ಲಿ ಬಿದ್ದು ಸತ್ತ.

ಛಾಯಾಗ್ರಾಹಕ ಬಂದಾಗ ತಾಯಿ ಗುಂಡಿಯ ಅಂಚಿನಲ್ಲೇ ಕುಳಿತಿದ್ದಳು.

"ನನ್ನ ಮುಖ ಯಾಕಪ್ಪ? ಈ ಗುಂಡೀದು ಫೋಟೊ ಹಿಡಿ. ನನ್ನ ಚಿಕ್ಕ ಮಗಳೂ ಇದೇ ದಾರೀಲಿ ಶಾಲೆಗೆ ಹೋಗ್ಬೇಕು," ಎಂದಳು.

"ಗುಂಡೀಲಿ ನೋಡೋಕೆ ಏನಿದೆ ಅಮ್ಮ? ಇಲ್ಲಿ ಬೆಳಕೂ ಇಲ್ಲ. ಈ ಕಡೆ ಬನ್ನಿ," ಎಂದ ಅವನು.

ಅವಳನ್ನು ಎಬ್ಬಿಸಿ, ಬೆಳಕು ಬೀಳುವ ಒಂದು ಗೋಡೆಯ ಪಕ್ಕ ಕೂರಿಸಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಆ ಕ್ಷಣ ಅವನಿಗೆ ತಪ್ಪಿಹೋಯಿತು. ಅವನು ಏನಂದ ಗೊತ್ತೇ? "ಅಮ್ಮ, ಇನ್ನೊಂದು ಸಲ." ಸಾವಿನ ಮುಂದೆಯೂ ಅವನಿಗೆ ಮದುವೆ ಛತ್ರದ ಚಾಳಿ ಬಿಡಲಿಲ್ಲ. ಹೇಳುವಾಗಲೇ ನನ್ನ ಮೈ ಉರಿಯುತ್ತದೆ.

ಪತ್ರಿಕೆಯ ಒಂದು ಚಿತ್ರ ಏನು ಮಾಡಬಲ್ಲದೆಂದು ಛಾಯಾಗ್ರಾಹಕನಿಗೆ ತಿಳಿಯದಿದ್ದರೂ ಅಧಿಕಾರಿಗೆ ತಿಳಿದಿತ್ತು. ಪತ್ರಿಕೆಯವರು ಬಂದುಹೋದ ಸುದ್ದಿ ಕೇಳಿ, ಬೆಳಗಾದರೆ ಗುಂಡಿ ಮುಖಪುಟದಲ್ಲಿ ಬರುತ್ತದೆಂದು ಅವನು ನಡುಗಿಹೋಗಿದ್ದ. ಅದನ್ನು ಮುಚ್ಚಲು ಕಲ್ಲುಚಪ್ಪಡಿಗಳನ್ನು ಲಾರಿಗೆ ಹೇರಿಸಿ ಸಿದ್ಧವಾಗಿ ಇಟ್ಟಿದ್ದ. ಪತ್ರಿಕೆ ಬಂತು. ತಾಯಿಯ ಮುಖವಿತ್ತು, ಗುಂಡಿ ಇರಲಿಲ್ಲ. ಓದಿದವರೆಲ್ಲ ಕಣ್ಣೊರೆಸಿಕೊಂಡರು. ಈ ಸಾವಿಗೆ ಉತ್ತರ ಯಾರನ್ನು ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಅಧಿಕಾರಿ ನೆಮ್ಮದಿಯಿಂದ ಲಾರಿಯನ್ನು ವಾಪಸು ಕಳಿಸಿದ.

ಆ ಚಿತ್ರಕ್ಕೆ ಬಹುಮಾನವೂ ಬಂತು. ಸಭೆಯಲ್ಲಿ ಛಾಯಾಗ್ರಾಹಕನಿಗೆ ಹಾರ ಹಾಕಿದವನು ಯಾರು? ಅದೇ ಅಧಿಕಾರಿ. "ಚಿತ್ರ ನೋಡಿ ಕರುಳು ಕಿತ್ತು ಬಂತು" ಎಂದು ಭಾಷಣವನ್ನೂ ಬಿಗಿದ. ನಾಚಿಕೆಗೆಟ್ಟವನು! ತಾಯಿಯನ್ನೂ ಅಲ್ಲಿಗೆ ಕರೆಸಿದ್ದರು. ಗೋಡೆಯಷ್ಟು ದೊಡ್ಡದಾಗಿ ತೂಗುಹಾಕಿದ್ದ ತನ್ನ ಮುಖವನ್ನು ಅವಳು ಅಂಚಿನಿಂದ ಅಂಚಿನವರೆಗೆ ನೋಡಿದಳು.

"ಗುಂಡಿ ಎಲ್ಲಪ್ಪ?" ಎಂದು ಕೇಳಿದಳು.

"ಅದು ಬಂದಿದ್ರೆ ಚಿತ್ರದ ಅಂದ ಕೆಡ್ತಿತ್ತಮ್ಮ," ಎಂದ ಛಾಯಾಗ್ರಾಹಕ.

ಗುಂಡಿ ಈಗಲೂ ಹಾಗೆಯೇ ಇದೆ. ದಿನವೂ ಬೆಳಿಗ್ಗೆ ಆ ತಾಯಿ ಅದರ ಪಕ್ಕದಲ್ಲಿ ನಿಂತು, ತನ್ನ ಮಗಳನ್ನೂ ಬೀದಿಯ ಮಕ್ಕಳನ್ನೂ ಕೈಹಿಡಿದು ದಾಟಿಸುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. "ಎಂಥ ಕಟುಕ ಅವನು!" ಎಂದ.

ಗುರುಗಳು ಮುದುಕಿಯ ಚಿತ್ರವನ್ನು ಅವನ ಕೈಗೆ ಹಿಂದಿರುಗಿಸಿ ಕೇಳಿದರು:

"ಬುಲ್ಡೋಜರ್ ಎಲ್ಲಪ್ಪ?"