ಬಾಗಿಲ ಹೊರಗಿನ ಸೂಲಗಿತ್ತಿ

"ಗುರುಗಳೇ, ಗುರುವಿನ ಮಾತನ್ನು ಶಿಷ್ಯನಾದವನು ಎಂದಾದರೂ ಮೀರಬಹುದೇ?"

ಕೇಳಿದವನು ಗುರುಶಾಂತ. ಅವನು ಮಠಕ್ಕೆ ಬಂದು ಏಳು ವರ್ಷವಾಗಿತ್ತು. ಗುರುಗಳು ಮಾಡು ಎಂದದ್ದನ್ನು ಮಾಡುವುದು, ಬೇಡ ಎಂದದ್ದನ್ನು ಬಿಡುವುದು, ಏನೂ ಹೇಳದಿದ್ದರೆ ಬಂದು ಕೇಳುವುದು ಅವನ ರೂಢಿ. ಗುರುಗಳು ಆಗ ದಂಟಿನ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಪ್ರಶ್ನೆ ಕೇಳುವವನ ಕೈ ಸುಮ್ಮನಿರಬಾರದು ಎಂದು ಒಂದು ಕಟ್ಟನ್ನು ಅವನ ಮುಂದೆ ತಳ್ಳಿ, ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಅವಳ ಕೈಗೆ ಬೀಳದೆ ಭೂಮಿಗೆ ಬಂದ ಕೂಸು ಅಪರೂಪ. ವಯಸ್ಸಾದ ಮೇಲೆ ಅವಳು ತನ್ನ ಕಸುಬನ್ನು ನೆರೆಮನೆಯ ಸೊಸೆಯೊಬ್ಬಳಿಗೆ ಕಲಿಸತೊಡಗಿದಳು. ಅವಳನ್ನು ನಾವು ಹುಡುಗಿ ಎನ್ನೋಣ. ಸೂಲಗಿತ್ತಿಯೂ ಹಾಗೆಯೇ ಕರೆಯುತ್ತಿದ್ದಳು.

ಮೊದಲ ವರ್ಷ ನೀರು ಕಾಯಿಸುವ ಕೆಲಸ. ಜೊತೆಗೆ ದಿನಾ ಬೆಳಿಗ್ಗೆ ಹತ್ತೂ ಬೆರಳಿನ ಉಗುರು ತೋರಿಸಬೇಕು. ಎರಡನೆಯ ವರ್ಷ ಬಸುರಿಯ ಹಿಂದೆ ಕುಳಿತು ಬೆನ್ನು ಕೊಡುವುದು. ನೋವು ಬಂದಾಗ ಬಸುರಿ ಅವಳ ಎದೆಗೇ ಒರಗಿಕೊಳ್ಳುತ್ತಾಳೆ, ಅವಳ ತೋಳನ್ನೇ ಹಿಂಡುತ್ತಾಳೆ. ಅದಾದ ಮೇಲೆ ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟು, ಕೂಸಿನ ತಲೆ ಎಲ್ಲಿದೆ, ಬೆನ್ನು ಎಲ್ಲಿದೆ ಎಂದು ಹೇಳುವುದು. ಕಾಲು ಚಾಚಿ ಕುಳಿತು ಎಳೆಗೂಸನ್ನು ಕಾಲ ಮೇಲೆ ಮಲಗಿಸಿ ನೀರೆರೆಯುವುದನ್ನು ಮಾತ್ರ ಯಾರೂ ಕಲಿಸಬೇಕಾಗಲಿಲ್ಲ. ಹುಡುಗಿ ಎರೆದರೆ ಕೂಸುಗಳು ಅಳುತ್ತಿರಲಿಲ್ಲ. ಸೂಲಗಿತ್ತಿಗೆ ಅದನ್ನು ನೋಡಿ ತುಸು ಹೊಟ್ಟೆಕಿಚ್ಚೂ ಆಯಿತು, ಬಹಳ ಸಂತೋಷವೂ ಆಯಿತು.

ಹುಡುಗಿಯಲ್ಲಿ ಒಂದೇ ಒಂದು ಕುಂದು. ಎಲ್ಲಕ್ಕೂ ಕೇಳುತ್ತಿದ್ದಳು. "ದೊಡ್ಡವ್ವ, ಈಗ ಎಣ್ಣೆ ಹಚ್ಲಾ? ದೊಡ್ಡವ್ವ, ಈಗ ಮುಕ್ಕು ಅನ್ಲಾ?" ಸೂಲಗಿತ್ತಿ ಪ್ರತಿ ಸಲವೂ ಉತ್ತರ ಕೊಡುತ್ತಿದ್ದಳು. ಅಷ್ಟು ಅಕ್ಕರೆ. ಹೀಗಾಗಿ ಕೈಗೆ ಗೊತ್ತಿದ್ದದ್ದನ್ನೂ ಹುಡುಗಿಯ ಬಾಯಿ ಕೇಳುತ್ತಿತ್ತು. ಇದು ಕಲಿತವಳ ತಪ್ಪಲ್ಲ, ಕಲಿಸಿದವಳದು. ಯಾರಾದರೂ ನಮ್ಮನ್ನು ಕೇಳಿಕೊಂಡು ನಡೆದರೆ ಹಿತವಾಗಿರುತ್ತದಪ್ಪ. ಗುರುಗಳೆನಿಸಿಕೊಂಡ ನಾವೆಲ್ಲ ಈ ತಪ್ಪನ್ನು ಬಹಳ ಖುಷಿಯಿಂದ ಮಾಡುತ್ತೇವೆ.

ಮುಕ್ಕುವುದೆಂದರೆ ಕೂಸನ್ನು ಹೊರಗೆ ನೂಕಲು ತಿಣುಕುವುದು; ಅದರ ಹೊತ್ತನ್ನು ಅರಿಯುವುದೇ ಆ ಕಸುಬಿನ ಜೀವ. ಕೂಸು ಬರುವ ದಾರಿ ಪೂರ್ತಿ ಬಿಡುವ ಮೊದಲೇ ಬಸುರಿ ಉಸಿರು ಬಿಗಿಹಿಡಿದು ಮುಕ್ಕಿದರೆ ಸೋತುಹೋಗುತ್ತಾಳೆ. ನಿಜವಾಗಿ ಬಲ ಬೇಕಾದಾಗ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ತಾಯಿ, ಕೂಸು ಇಬ್ಬರಿಗೂ ಅಪಾಯ.

ಸೂಲಗಿತ್ತಿಗೆ ಒಬ್ಬಳೇ ಮಗಳು. ಗಂಡನ ಊರಿನಲ್ಲಿ ಆದ ಮೊದಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಎರಡನೆಯದು ತಾಯಿಯ ಕೈಯಲ್ಲೇ ಆಗಲಿ ಎಂದು ಅವಳು ತವರಿಗೆ ಬಂದಳು. ದಿನ ತುಂಬುವ ವಾರದಲ್ಲೇ ಸೂಲಗಿತ್ತಿಯ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಯಿತು. ಬೆರಳು ಊದಿ ಕೀವು ತುಂಬಿತು. ಒಂದು ನಿಂಬೆಹಣ್ಣನ್ನು ಬೆರಳಿಗೆ ಸಿಕ್ಕಿಸಿಕೊಂಡು, ಕಂಡ ದೇವರಿಗೆಲ್ಲ ಹರಕೆ ಹೊತ್ತುಕೊಂಡು ಓಡಾಡಿದಳು. ಕೈಯಲ್ಲಿ ಹುಣ್ಣಿದ್ದವಳು ಹೆರಿಗೆಯ ಕೋಣೆಯ ಹೊಸ್ತಿಲು ದಾಟಬಾರದು. ಆ ಕಟ್ಟಳೆಯನ್ನು ಹುಡುಗಿಗೆ ಕಲಿಸಿದವಳೂ ಅವಳೇ.

ಒಂದು ಬೆಳಿಗ್ಗೆ ಮಗಳಿಗೆ ನೋವು ಶುರುವಾಯಿತು. ಹುಡುಗಿ ಒಳಗೆ ಹೋದಳು. ಬೆನ್ನು ಕೊಡಲು ಪಕ್ಕದ ಮನೆಯ ಹೆಂಗಸೊಬ್ಬಳು ಕುಳಿತಳು. ಸೂಲಗಿತ್ತಿ ಬಾಗಿಲ ಹೊರಗೆ ಕುಳಿತಳು. ಬಿಸಿಲೇರುವ ತನಕ ಎಲ್ಲ ಎಂದಿನಂತೆ ನಡೆಯಿತು. ಹುಡುಗಿ ಒಳಗಿನಿಂದ ಕೇಳುವಳು, ಇವಳು ಹೊರಗಿನಿಂದ ಹೇಳುವಳು. ಮಧ್ಯಾಹ್ನದ ಹೊತ್ತಿಗೆ ನೋವು ಬಲವಾಯಿತು. ಮಗಳು ಕೂಗಿಕೊಂಡಳು. ಬಸುರಿಯರ ಕೂಗನ್ನು ಸೂಲಗಿತ್ತಿ ಸಾವಿರ ಸಲ ಕೇಳಿದ್ದಳು. ತನ್ನ ಮಗಳದನ್ನು ಕೇಳಿರಲಿಲ್ಲ.

"ದೊಡ್ಡವ್ವ, ಈಗ ಮುಕ್ಕು ಅನ್ಲಾ?"

"ಅನ್ನು, ಬೇಗ ಅನ್ನು," ಎಂದಳು ಸೂಲಗಿತ್ತಿ.

ಹುಡುಗಿಗೆ ದಿಕ್ಕು ತೋಚಲಿಲ್ಲ. ದಾರಿ ಇನ್ನೂ ಬಿಟ್ಟಿಲ್ಲ ಎಂದು ಅವಳ ಕೈಗೆ ಗೊತ್ತಿತ್ತು. ಬರೀ ಅಭ್ಯಾಸಬಲದಿಂದ ಕೇಳಿದ್ದಳು, ತಡಿ ಎಂಬ ಉತ್ತರ ಬರುತ್ತದೆ ಎಂದುಕೊಂಡಿದ್ದಳು. ದೊಡ್ಡವ್ವನ ಮಾತು ತಪ್ಪಿದ್ದು ಇಷ್ಟು ವರ್ಷದಲ್ಲಿ ಇಲ್ಲ. ಹಾಗಾದರೆ ತಪ್ಪಿದ್ದು ತನ್ನ ಕೈಯೇ? ಮತ್ತೊಮ್ಮೆ ಕೈಯಿಟ್ಟು ನೋಡಿದಳು. ಕೈ ಅದನ್ನೇ ಹೇಳಿತು.

ಅಷ್ಟರಲ್ಲಿ ಸೂಲಗಿತ್ತಿ ಹೊರಗಿನಿಂದ ತಾನೇ ಕೂಗಿದಳು. "ಮುಕ್ಕು ಮಗಳೇ, ಮುಕ್ಕು. ಏನೇ ನೋಡ್ತಾ ಕೂತಿದ್ದೀಯ, ಹುಡುಗಿ?" ತಾಯಿಯ ದನಿ ಕೇಳಿ ಮಗಳು ಉಸಿರು ಬಿಗಿಹಿಡಿದಳು. ಸೂಲಗಿತ್ತಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ಬಂದು ಹೊಸ್ತಿಲ ಮೇಲೆ ಕಾಲಿಟ್ಟಳು. ಬೆರಳಿನ ನಿಂಬೆಹಣ್ಣು ಎಲ್ಲೋ ಬಿದ್ದುಹೋಗಿತ್ತು.

ಹುಡುಗಿ ಎದ್ದು ಅವಳನ್ನು ಹೊರಗೆ ನೂಕಿ, ಬಾಗಿಲು ಹಾಕಿ, ಅಗಳಿ ಜಡಿದಳು.

ಮತ್ತೆ ಕೈ ತೊಳೆದು ಮಗಳ ಎದುರು ಕುಳಿತಳು. "ಅಕ್ಕಾ, ನಿಮ್ಮವ್ವನ ಮಾತು ಕೇಳ್ಬೇಡ. ನನ್ ಮುಖ ನೋಡು. ಬಾಯಲ್ಲಿ ಉಸಿರು ಬಿಡು. ಮುಕ್ಬೇಡ." ಹೊರಗೆ ಸೂಲಗಿತ್ತಿ ಬಾಗಿಲು ಬಡಿದಳು. ಮನೆಹಾಳಿ ಎಂದಳು, ಹಾವಿಗೆ ಹಾಲೆರೆದೆ ಎಂದಳು. ಬೈದು ಬೈದು ಸಾಕಾಗಿ ಅಲ್ಲೇ ಕುಸಿದು ಕುಳಿತು ಅತ್ತಳು. ಒಳಗೆ ಹುಡುಗಿ ಯಾರನ್ನೂ ಏನೂ ಕೇಳಲಿಲ್ಲ. ನೋವು ಬಂದು ಹೋಯಿತು, ಮತ್ತೆ ಬಂದು ಹೋಯಿತು. ಬಿಸಿಲು ಇಳಿಯತೊಡಗಿದಾಗ ದಾರಿ ಬಿಟ್ಟಿತು. "ಈಗ, ಅಕ್ಕಾ," ಎಂದಳು. ನಾಲ್ಕು ಸಲ ಮುಕ್ಕುವಷ್ಟರಲ್ಲಿ ಹೆಣ್ಣು ಕೂಸು ಬಂತು. ಬಂದದ್ದೇ ಅತ್ತಿತು.

ಮಾಸು ಬಿದ್ದ ಮೇಲೆ, ಕೂಸನ್ನು ತಾಯಿಯ ಎದೆಗೆ ಹಾಕಿದ ಮೇಲೆ, ಹುಡುಗಿ ಬಾಗಿಲು ತೆಗೆದಳು. ಸೂಲಗಿತ್ತಿಯ ಕಾಲು ಹಿಡಿದಳು.

"ತಪ್ಪಾಯ್ತು ದೊಡ್ಡವ್ವ. ನಿನ್ ಮಾತು ಮೀರ್ದೆ. ನಿನ್ ಮೇಲೇ ಬಾಗ್ಲು ಹಾಕ್ದೆ."

ಸೂಲಗಿತ್ತಿ ಎಡಗೈಯಲ್ಲಿ ಅವಳನ್ನು ಎತ್ತಿ ಎದೆಗೊತ್ತಿಕೊಂಡಳು. "ನನ್ ಮಾತು ಎಲ್ಲಿ ಮೀರ್ದೆ ಮಗಾ? ಹೊರಗೆ ಕೂಗಾಡ್ತಿದ್ದೋಳು ಹೆತ್ತವ್ವ ಕಣೆ. ಸೂಲಗಿತ್ತಿ ಒಳಗಿದ್ಲು."

ಅಂದಿನಿಂದ ಯಾರ ಮನೆಯಲ್ಲಿ ನೋವು ಬಂದರೂ ಮುಂದೆ ಕೂರುವವಳು ಹುಡುಗಿ. ಬೆರಳು ವಾಸಿಯಾದ ಮೇಲೆ ಸೂಲಗಿತ್ತಿ ಬೆನ್ನು ಕೊಡಲು ಹೋಗುತ್ತಿದ್ದಳು. ಹಳೆಯ ಚಾಳಿ, ನಡುವೆ ಬಾಯಿ ಹಾಕುವಳು. "ಸುಮ್ನಿರು ದೊಡ್ಡವ್ವ," ಎನ್ನುವಳು ಹುಡುಗಿ. ಆ ಮಾತು ಕೇಳಲೆಂದೇ ಮುದುಕಿ ಬಾಯಿ ಹಾಕುತ್ತಿದ್ದಳು ಎಂದು ನನ್ನ ಗುಮಾನಿ.

ಗುರುಗಳು ಕತೆ ಮುಗಿಸಿದರು. ಗುರುಶಾಂತ ತನ್ನ ಪಾಲಿನ ಸೊಪ್ಪನ್ನು ಮರೆತೇಬಿಟ್ಟಿದ್ದ. ಅವನ ಕಣ್ಣು ತುಂಬಿತ್ತು. ಕೈ ಜೋಡಿಸಿ ಕೇಳಿದ:

"ಹಾಗಾದರೆ ಗುರುಗಳೇ, ಮೀರುವ ಹೊತ್ತು ಬಂತೆಂದು ನಾನು ತಿಳಿಯುವುದು ಹೇಗೆ?"

ಗುರುಗಳು ನಗುತ್ತ ಅವನ ತಲೆಯ ಮೇಲೆ ಕೈಯಿಟ್ಟರು.

"ನೋಡಿದೆಯಾ, ಇದನ್ನೂ ನನ್ನನ್ನೇ ಕೇಳುತ್ತಿದ್ದೀಯೆ."